ಬೋರ್ಡ್ ಇಲ್ಲದ ಗ್ಯಾರೇಜು, ಬಿಡದ ಡಿಫ್ ಲಾಕು

ಮೊದಲೇ ಹೇಳಿಬಿಡುತ್ತೇನೆ. ಮಂಡ್ಯದಿಂದ ಬಸರಾಳು ಕಡೆ ಹೋಗುವ ರಸ್ತೆಯಲ್ಲಿರುವ ಈ ಗ್ಯಾರೇಜಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಐದನೇದು ಯಾಕೆ ಇಲ್ಲ ಅಂತ ಮುಂದೆ ಬರುತ್ತೆ. ಹೆಸರು ಕೇಳಬೇಡಿ, ಅದಕ್ಕೆ ಬೋರ್ಡೇ ಇಲ್ಲ. ಶೆಡ್ಡಿನ ಮುಂದೆ ಟ್ರ್ಯಾಕ್ಟರ್ ಟ್ರೈಲರಿನ ಆಕ್ಸಲ್‌ಗಳು ಸಾಲಾಗಿ ಬಿದ್ದಿರುತ್ತವೆ, ಅದೇ ಗುರುತು.

ಈಗ ಮೈಸೂರು, ಮಂಡ್ಯ ಎರಡೂ ಕಡೆ ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಗಾಡಿಗಳು ಜಾಸ್ತಿ ಆಗಿವೆ. ಎಂಜಿನ್ನು, ಕ್ಲಚ್ಚು, ಬ್ರೇಕು ಅಂದರೆ ಬೀದಿಗೊಬ್ಬ ಮೆಕ್ಯಾನಿಕ್ ಸಿಗುತ್ತಾರೆ. ಡಿಫರೆನ್ಷಿಯಲ್ ಲಾಕ್ ಸಿಕ್ಕಿಹಾಕಿಕೊಂಡಿದೆ ಅಂದರೆ ಮಾತ್ರ ಹೆಚ್ಚಿನವರ ಉತ್ತರ ಒಂದೇ, ಇಡೀ ಸೆಟ್ ಬದಲಾಯಿಸಿ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಚಿಕ್ಕದಾಗಿ. ಗಾಡಿ ತಿರುವಿನಲ್ಲಿ ಹೋಗುವಾಗ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಆ ವ್ಯತ್ಯಾಸಕ್ಕೆ ಅವಕಾಶ ಕೊಡುವುದೇ ಡಿಫರೆನ್ಷಿಯಲ್ ಕೆಲಸ. ಇದರ ತೊಂದರೆ ಕೆಸರಿನಲ್ಲಿ ಗೊತ್ತಾಗುತ್ತೆ. ಒಂದು ಚಕ್ರ ಜಾರಿ ಸುಮ್ನೆ ತಿರುಗತೊಡಗಿದರೆ ಇನ್ನೊಂದಕ್ಕೂ ಅಷ್ಟೇ ಕಡಿಮೆ ಬಲ ಹೋಗುತ್ತೆ, ಗಾಡಿ ಅಲ್ಲೇ ನಿಲ್ಲುತ್ತೆ. ಲಾಕ್ ಹಾಕಿದರೆ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗಲೇಬೇಕು, ಹಿಡಿತ ಇರುವ ಚಕ್ರ ಗಾಡಿಯನ್ನು ಎಳೆಯುತ್ತೆ. ಅದೇ ಲಾಕ್ ಡಾಂಬರಿನ ಮೇಲೂ ಬಿಡದೆ ಇದ್ದರೆ ತಿರುವಿನಲ್ಲಿ ಟೈರ್ ಉಜ್ಜಿ ಕೀಚ್ ಅನ್ನುತ್ತೆ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರಕ್ಕೇ ಹೋಗಲು ನೋಡುತ್ತೆ, ಆಕ್ಸಲ್ ಮೇಲೆ ಬೀಳುವ ತಿರುಚು ಬೇರೆ.

ಎಲ್ಲ ಲಾಕೂ ಒಂದೇ ಥರ ಅಲ್ಲ. ಫೋರ್ಸ್ ಕಂಪನಿಯ ಗೂರ್ಖಾದಲ್ಲಿ ಹಿಂದೆ ಮುಂದೆ ಎರಡಕ್ಕೂ ಇದೆ, ಲಿವರ್ ಎಳೆದು ಹಾಕುವುದು. 2015ರ ಮಹೀಂದ್ರ ಥಾರ್‌ನಲ್ಲಿ ಬಂದ ಈಟನ್ ಕಂಪನಿಯ ಲಾಕ್ ತಾನಾಗಿ ಕೆಲಸ ಮಾಡುವಂಥದ್ದು. ಹಿಂದಿನ ಎರಡು ಚಕ್ರಗಳ ವೇಗದಲ್ಲಿ ದೊಡ್ಡ ವ್ಯತ್ಯಾಸ ಬಂದಾಗ ಅದೇ ಹಿಡಿಯುತ್ತೆ, ನಾವು ಒತ್ತುವುದಕ್ಕೆ ಬಟನ್ನೇ ಇಲ್ಲ. 2024ರ ಥಾರ್ ರಾಕ್ಸ್ ಫೋರ್ ಬೈ ಫೋರ್‌ನಲ್ಲಿ ಕರೆಂಟಿನಿಂದ ಹಿಡಿಯುವ ಲಾಕು. ನನ್ನದು ಇವು ಯಾವುದೂ ಅಲ್ಲ. ಹಳೇ ಜೀಪಿಗೆ ಹಿಂದಿನ ಮಾಲೀಕರು ಹೊರಗಿನಿಂದ ತರಿಸಿ ಹಾಕಿಸಿದ ಗಾಳಿ ಲಾಕು. ಬಾನೆಟ್ ಕೆಳಗೆ ಒಂದು ಚಿಕ್ಕ 12 ವೋಲ್ಟ್ ಕಂಪ್ರೆಸರ್, ಅದರಿಂದ ಸುಮಾರು 100 ಪಿಎಸ್‌ಐ ಒತ್ತಡದ ಗಾಳಿ. ಬಟನ್ ಒತ್ತಿದರೆ ಸೊಲೆನಾಯ್ಡ್ ಅನ್ನುವ ಕರೆಂಟ್ ವಾಲ್ವ್ ತೆರೆದುಕೊಂಡು ತೆಳು ಪೈಪಿನಲ್ಲಿ ಗಾಳಿ ಹಿಂದಿನ ಹೌಸಿಂಗಿಗೆ, ಅಂದರೆ ಡಿಫರೆನ್ಷಿಯಲ್ ಕೂತಿರುವ ಗೂಡಿಗೆ ಹೋಗುತ್ತೆ, ಒಳಗಿನ ಗೇರ್ ಸರಿದು ಲಾಕ್ ಆಗುತ್ತೆ. ಬಟನ್ ತೆಗೆದರೆ ಗಾಳಿ ಹೊರಗೆ ಹೋಗಬೇಕು, ಸ್ಪ್ರಿಂಗ್ ಆ ಗೇರನ್ನು ವಾಪಸ್ ತಳ್ಳಬೇಕು.

ನನ್ನ ಜೀಪಿನಲ್ಲಿ ಲಾಕ್ ಹಾಕಿದ ತಕ್ಷಣ ಹಿಡಿಯುತ್ತಿತ್ತು. ತೆಗೆದರೆ ಮಾತ್ರ ಬಿಡುತ್ತಿರಲಿಲ್ಲ. ಎಲ್ಲರೂ ಹೇಳುವ ಉಪಾಯ ಮಾಡಿದೆ. ನೇರವಾಗಿ ಸ್ವಲ್ಪ ರಿವರ್ಸ್ ಹೋಗುವುದು, ಆಮೇಲೆ ಸ್ಟೇರಿಂಗ್ ಆ ಕಡೆ ಈ ಕಡೆ ಆಡಿಸುತ್ತ ನಿಧಾನ ಮುಂದೆ ಬರುವುದು. ಎಷ್ಟೋ ಸಲ ಲಾಕ್ ಕೆಟ್ಟಿರುವುದೇ ಇಲ್ಲ, ಎಡ ಬಲದ ಆಕ್ಸಲ್ ಶಾಫ್ಟ್‌ಗಳ ನಡುವೆ ಎಳೆದಾಟ ಇರುವಾಗ ಹಲ್ಲುಗಳು ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡಿರುತ್ತವೆ, ಹಿಂದೆ ಮುಂದೆ ಮಾಡಿದಾಗ ಆ ಬಿಗಿ ಸಡಿಲವಾಗಿ ಟಕ್ ಅಂತ ಬಿಡುತ್ತವೆ. ನನ್ನದು ಅದಕ್ಕೂ ಬಗ್ಗಲಿಲ್ಲ. ವಿಚಿತ್ರ ಏನೆಂದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ತೆಗೆದರೆ ಏನೂ ಆಗಿಲ್ಲದ ಹಾಗೆ ಓಡುತ್ತಿತ್ತು.

ಮೈಸೂರಿನ ಒಂದು ದೊಡ್ಡ ವರ್ಕ್‌ಶಾಪಿಗೆ ಒಯ್ದೆ. ಏಸಿ ರೂಮು, ಕಾಫಿ, ಕಂಪ್ಯೂಟರಿನಲ್ಲಿ ಎಸ್ಟಿಮೇಟು. ಗಾಡಿ ಬೆಳಿಗ್ಗೆ ನೋಡಿದ್ದರಿಂದ ಅವರಿಗೆ ತೊಂದರೆಯೇ ಕಾಣಲಿಲ್ಲ. ನಾನು ವಿವರಿಸಿದ ಮೇಲೆ ಹೌಸಿಂಗ್ ಬಿಚ್ಚದೆ, ಪೈಪ್ ಮುಟ್ಟದೆ, ಲಾಕರ್ (ಲಾಕ್ ಇರುವ ಡಿಫರೆನ್ಷಿಯಲ್) ಒಳಗೇ ಕೆಟ್ಟುಹೋಗಿದೆ, ಅದನ್ನು ತೆಗೆದು ಸಾಮಾನ್ಯ ಡಿಫರೆನ್ಷಿಯಲ್ ಹಾಕಿಬಿಡಿ ಅಂದರು. ಅವರು ಹೇಳಿದ ಮೊತ್ತದಲ್ಲಿ ಒಂದು ಒಳ್ಳೇ ಸೆಕೆಂಡ್ ಹ್ಯಾಂಡ್ ಬೈಕ್ ಬರುತ್ತೆ. ಅಲ್ಲಿನವರು ಕೆಟ್ಟವರು ಅಂತಲ್ಲ. ಗೊತ್ತಿಲ್ಲದ್ದನ್ನು ಬದಲಾಯಿಸುವುದು ಅವರಿಗೆ ಸುಲಭ, ಖರ್ಚು ನಮ್ಮದು, ಅಷ್ಟೇ.

ಮಂಡ್ಯದ ಈ ಗ್ಯಾರೇಜು ಗೊತ್ತಾಗಿದ್ದು ನೆಂಟರ ಕಡೆಯಿಂದ. ಅವರದ್ದು ಕಬ್ಬಿನ ಟ್ರ್ಯಾಕ್ಟರು. ಟ್ರ್ಯಾಕ್ಟರ್ ರಿಪೇರಿ ಮಾಡುವವರು ಜೀಪಿನ ಗಾಳಿ ಲಾಕ್ ಏನು ನೋಡುತ್ತಾರೆ ಅಂತ ನನಗೂ ಅನುಮಾನ ಇತ್ತು. ಆದರೆ ಯೋಚನೆ ಮಾಡಿ, ನಮ್ಮ ಕಡೆ ಡಿಫ್ ಲಾಕನ್ನು ದಿನಾ ಬಳಸುವವರು ಯಾರು? ರಜೆ ದಿನ ಬೆಟ್ಟ ಹತ್ತಿಸುವ ನಾವಲ್ಲ, ಗದ್ದೆ ಉಳುವ ರೈತರು. ಸುಮಾರಾಗಿ ಎಲ್ಲ ಟ್ರ್ಯಾಕ್ಟರಿನಲ್ಲೂ ಬಲಗಾಲಿನ ಹಿಮ್ಮಡಿ ಹತ್ತಿರ ಒಂದು ಪೆಡಲ್ ಇರುತ್ತೆ, ಅದನ್ನು ತುಳಿದರೆ ಒಳಗಿನ ಫೋರ್ಕ್ (ಕವಲು ಕಡ್ಡಿ) ಸರಿದು ಹಿಂದಿನ ಎರಡು ಚಕ್ರ ಒಂದಾಗುತ್ತವೆ. ಕಾಲು ತೆಗೆದರೆ ಸ್ಪ್ರಿಂಗ್ ಬಿಡಿಸಬೇಕು. ನಾಲೆಗೆ ನೀರು ಬಿಟ್ಟ ಮೇಲೆ ಕೇಜ್ ವೀಲ್ (ಕೆಸರಿಗೆ ಹಾಕುವ ಕಬ್ಬಿಣದ ಚಕ್ರ) ಹಾಕಿ ಕೆಸರುಗದ್ದೆ ಮಾಡುವ ಕಾಲದಲ್ಲಿ ಆ ಪೆಡಲಿನ ಶಾಫ್ಟಿಗೆ ಕೆಸರು ಸೇರುತ್ತೆ, ಒಣಗುತ್ತೆ, ತುಕ್ಕು ಹಿಡಿಯುತ್ತೆ, ಕೊನೆಗೆ ಪೆಡಲ್ ಮೇಲೆ ಬರುವುದಿಲ್ಲ. ಗದ್ದೆಯ ಕೊನೆಯಲ್ಲಿ ತಿರುಗಿಸಲು ಹೋದರೆ ಟ್ರ್ಯಾಕ್ಟರ್ ತಿರುಗದೆ ಸೀದಾ ಬದು ಹತ್ತುತ್ತೆ. ಈ ಮೇಸ್ತ್ರಿ ವರ್ಷಗಟ್ಟಲೆ ನೋಡಿರುವುದು ಇಂಥವನ್ನೇ. ಬಿಡದ ಲಾಕ್ ಅವರಿಗೆ ಹೊಸದಲ್ಲ, ಗಾಳಿ ಮಾತ್ರ ಹೊಸದು.

ಅವರು ಗಾಡಿ ಮುಟ್ಟುವ ಮೊದಲು ಕೇಳಿದ ಪ್ರಶ್ನೆ ನನಗೆ ಇಷ್ಟವಾಯಿತು.

"ರಾತ್ರಿ ನಿಲ್ಸಿದ್ರೆ ಬೆಳಿಗ್ಗೆ ತಾನಾಗೇ ಬುಟ್ಟಿರ್ತದಾ ಸಾರ್?"

ಹೌದು ಅಂದೆ.

"ಹಂಗಾದ್ರೆ ಗೇರು ಕಚ್ಕಂಡಿಲ್ಲ ಬುಡಿ. ಕಬ್ಬಿಣ ಕಚ್ಕಂಡಿದ್ರೆ ನಿದ್ದೆ ಮಾಡುದ್ರೆ ಸರಿಹೋಯ್ತದಾ? ಗಾಳಿ ಒಳಗೇ ನಿಂತದೆ."

ಇಷ್ಟು ಸರಳ ಮಾತು ಎಸ್ಟಿಮೇಟ್ ಕೊಟ್ಟವರಿಗೆ ಹೊಳೆಯಲಿಲ್ಲವಲ್ಲ!

ಆಮೇಲೆ ಅವರು ಮಾಡಿದ ಪರೀಕ್ಷೆಗಳನ್ನು ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಮನೆಯಲ್ಲೇ ಮಾಡಿಕೊಳ್ಳಬಹುದಾದವೂ ಇವೆ. ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಹಿಂದಿನ ಆಕ್ಸಲನ್ನು ಜಾಕಿಯಲ್ಲಿ ಎತ್ತಿ ಎರಡೂ ಕಡೆ ಸ್ಟ್ಯಾಂಡ್ ಇಟ್ಟರು. ಬರೀ ಜಾಕಿ ಮೇಲೆ ಬಿಟ್ಟು ಕೆಳಗೆ ನುಗ್ಗುವವರನ್ನು ನೋಡಿದ್ದೇನೆ, ಇವರು ಹಾಗಲ್ಲ. ಗೇರ್ ಹಾಕಿ, ಎಂಜಿನ್ ಆಫ್ ಇಟ್ಟು, ಹ್ಯಾಂಡ್ ಬ್ರೇಕ್ ಬಿಟ್ಟು ಒಂದು ಹಿಂದಿನ ಚಕ್ರವನ್ನು ಕೈಯಲ್ಲಿ ತಿರುಗಿಸಿದರು. ಲಾಕ್ ಬಿಟ್ಟಿದ್ದರೆ ಇನ್ನೊಂದು ಕಡೆಯ ಚಕ್ರ ಉಲ್ಟಾ ತಿರುಗಬೇಕು. ಹಿಡಿದಿದ್ದರೆ ಸ್ವಲ್ಪ ಅಳ್ಳಾಡಿ ನಿಂತುಬಿಡುತ್ತೆ. ಮೊದಲು ಸರಿಯಾಗಿ ಉಲ್ಟಾ ತಿರುಗಿತು. ಲಾಕ್ ಬಟನ್ ಒತ್ತಿದಾಗ ಹಿಡಿಯಿತು. ಬಟನ್ ತೆಗೆದರೂ ಹಾಗೇ ಹಿಡಿದುಕೊಂಡೇ ಇತ್ತು. ಡ್ಯಾಶ್‌ಬೋರ್ಡಿನ ದೀಪ ಮಾತ್ರ ಆರಿಹೋಗಿತ್ತು. ಇದನ್ನು ನೆನಪಿಡಿ. ನನ್ನದರಂಥ ಸೆಟ್‌ನಲ್ಲಿ ಆ ದೀಪ ಬಟನ್ನಿಗೆ ಕರೆಂಟ್ ಇದೆಯೋ ಇಲ್ಲವೋ ಅಂತ ಮಾತ್ರ ಹೇಳುತ್ತೆ, ಒಳಗೆ ಗೇರ್ ಎಲ್ಲಿದೆ ಅಂತ ಅದಕ್ಕೆ ಗೊತ್ತಿಲ್ಲ.

ಮುಂದಿನದು ನಿಜವಾದ ಪರೀಕ್ಷೆ. ಸೊಲೆನಾಯ್ಡಿನಿಂದ ಹಿಂದಕ್ಕೆ ಹೋಗುವ ಪೈಪನ್ನು ಕಂಪ್ರೆಸರ್ ಹತ್ತಿರ ಬಿಚ್ಚಿದರು. ಪುಸ್ ಅಂತ ಗಾಳಿ ಬಂತು, ಜೊತೆಗೇ ಹಿಂದೆ ಟಕ್ ಅಂತ ಸದ್ದು. ಚಕ್ರ ತಿರುಗಿಸಿದರೆ ಆ ಕಡೆಯದು ಉಲ್ಟಾ. ಲಾಕ್ ಬಿಟ್ಟಿತ್ತು. ಪೈಪ್ ಬಿಚ್ಚಿದ ಮೇಲೂ ಬಿಡದೆ ಇದ್ದಿದ್ದರೆ ದೋಷ ಹೌಸಿಂಗ್ ಒಳಗೆ, ಸ್ಪ್ರಿಂಗ್ ಸೋತಿರಬಹುದು ಅಥವಾ ಹಲ್ಲಿನ ಅಂಚು ಒರಟಾಗಿರಬಹುದು. ಬಿಟ್ಟಿದ್ದರಿಂದ ದೋಷ ಬಾನೆಟ್ ಕೆಳಗಿನ ಸೊಲೆನಾಯ್ಡ್ ಕಡೆಯದು. ಸೊಲೆನಾಯ್ಡಿನಲ್ಲಿ ಗಾಳಿ ಹೊರಗೆ ಹೋಗುವ ಚಿಕ್ಕ ಬಾಯಿ ನೋಡಿದರೆ ಎಣ್ಣೆ, ಧೂಳು ಸೇರಿ ಕಪ್ಪು ಮೇಣದ ಥರ ಕೂತಿತ್ತು. ಗಾಳಿ ಹೋಗಲು ದಾರಿಯೇ ಇಲ್ಲ, ಹನಿಹನಿಯಾಗಿ ಸೋರಿ ಬೆಳಗಿನ ಹೊತ್ತಿಗೆ ಖಾಲಿ ಆಗುತ್ತಿತ್ತು.

"ಲಾಕ್ ಕೆಟ್ಟಿಲ್ಲ ಸಾರ್, ಉಸ್ರು ಕಟ್ಕಂಡದೆ" ಅಂದರು.

ಇಲ್ಲಿಗೆ ನಿಲ್ಲಿಸಿ, ಬಾಯಿ ತೊಳೆದು ಕಳಿಸಿದ್ದರೂ ನಾನು ಖುಷಿಯಾಗಿ ದುಡ್ಡು ಕೊಟ್ಟು ಬರುತ್ತಿದ್ದೆ. ಅವರು ಬಿಡಲಿಲ್ಲ. ಬರೀ ಗಾಳಿ ಓಡಾಡುವ ಪೈಪಿಗೆ ಎಣ್ಣೆ ಎಲ್ಲಿಂದ ಬಂತು ಅಂತ ಹುಡುಕಲು ಶುರು ಮಾಡಿದರು. "ಲೋ, ಸೋಪ್ ನೀರ್ ತಕಬಾರ್ಲಾ" ಅಂತ ಹುಡುಗನನ್ನು ಕೂಗಿ, ಪೈಪಿನ ಜಾಯಿಂಟಿಗೆಲ್ಲ ಹಚ್ಚಿ ಗಾಳಿ ಕೊಟ್ಟು ನೋಡಿದರು. ಹೊರಗೆ ಎಲ್ಲೂ ಗುಳ್ಳೆ ಇಲ್ಲ. ಆದರೆ ಲಾಕ್ ಹಾಕಿಟ್ಟರೆ ಕಂಪ್ರೆಸರ್ ಸುಮ್ಮನಿರದೆ ಆಗಾಗ ಓಡುತ್ತಿತ್ತು. ಹೊರಗೆ ಸೋರದೆ ಗಾಳಿ ಕಡಿಮೆ ಆಗುತ್ತಿದೆ ಅಂದರೆ ಒಳಗೇ ಸೋರುತ್ತಿದೆ, ಹೌಸಿಂಗಿಗೆ. ಹೌಸಿಂಗ್ ಉಸಿರಾಡಲು ಇರುವ ಬ್ರೀದರ್ ಪೈಪ್ ಎಳೆದು ನೋಡಿದರು. ಅದರ ತುದಿಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟಿ ಚೆನ್ನಾಗಿ ಬಿರಡೆ ಹಾಕಿತ್ತು.

ಈಗ ಪೂರ್ತಿ ಕಥೆ ಸಿಕ್ಕಿತು. ಲಾಕಿಗೆ ಗಾಳಿ ಮುಟ್ಟಿಸುವ ಕಡೆ ಎರಡು ಓ ರಿಂಗ್ (ಗಾಳಿ ಸೋರದಂತೆ ತಡೆಯುವ ರಬ್ಬರ್ ಬಳೆ) ಇವೆ, ಅವು ಸವೆದಿದ್ದವು. ಲಾಕ್ ಹಾಕಿದಾಗ ಗಾಳಿ ಅಲ್ಲಿಂದ ಹೌಸಿಂಗ್ ಒಳಗೆ ನುಗ್ಗುತ್ತಿತ್ತು. ಓಡಿದ ಬಿಸಿಗೆ ಒಳಗಿನ ಗಾಳಿ ಹಿಗ್ಗುವುದು ಬೇರೆ. ಬ್ರೀದರ್ ತೆರೆದಿದ್ದರೆ ಅದು ಹೊರಗೆ ಹೋಗುತ್ತಿತ್ತು, ಈಗ ಅದೂ ಬಂದ್. ಒತ್ತಡ ತಡೆಯದೆ ಎಣ್ಣೆ ಸಿಕ್ಕ ಸಿಕ್ಕ ದಾರಿ ಹಿಡಿಯಿತು. ಸ್ವಲ್ಪ ಅದೇ ಓ ರಿಂಗ್ ದಾಟಿ ಗಾಳಿ ಪೈಪ್ ಹತ್ತಿ ಸೊಲೆನಾಯ್ಡ್ ಸೇರಿತು, ಸ್ವಲ್ಪ ಆಕ್ಸಲ್ ಸೀಲ್ ದಾಟಿ ಎಡಗಡೆ ಬ್ರೇಕ್ ಡ್ರಮ್ಮಿಗೆ ಬಂತು. ಡ್ರಮ್ ಬಿಚ್ಚಿದಾಗ ಲೈನರ್ ಒದ್ದೆಯಾಗಿತ್ತು. ಮೈಸೂರಿನಲ್ಲಿ ಹೇಳಿದ ಹಾಗೆ ಲಾಕರ್ ಮಾತ್ರ ಕಿತ್ತು ಹಾಕಿದ್ದರೆ, ಮುಚ್ಚಿದ ಬ್ರೀದರ್ ಹಾಗೇ ಉಳಿದು ಮುಂದೊಂದು ದಿನ ಬ್ರೇಕ್ ಕೈಕೊಡುತ್ತಿತ್ತು.

ಗೇರ್ ಆಯಿಲ್ ಇಳಿಸಿದಾಗ ಅದು ಹಾಲು ಬೆರೆಸಿದ ಕಾಫಿ ಬಣ್ಣ. ಅಂದರೆ ನೀರು ಸೇರಿದೆ. ಬಿಸಿಯಾದ ಆಕ್ಸಲ್ ತಣ್ಣಗಿನ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ, ಬ್ರೀದರ್ ಮುಚ್ಚಿದ್ದರೆ ಸೀಲಿನ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತೆ. ಹಳ್ಳ ದಾಟುವ ಚಟ ಇರುವವರು ಇದನ್ನು ಗಮನಿಸಿ. ಡ್ರೇನ್ ಪ್ಲಗ್ಗಿನ ಮ್ಯಾಗ್ನೆಟ್ಟಿಗೆ ಅಂಟಿದ್ದು ಬರೀ ನುಣುಪು ಕಪ್ಪು ಪುಡಿ. ಅದು ಸಾಮಾನ್ಯ. ಕಣ್ಣಿಗೆ ಕಾಣುವ ಲೋಹದ ಚೂರು ಬಂದಿದ್ದರೆ ಕಥೆ ಬೇರೆ.

ಓ ರಿಂಗ್ ಬದಲಾಯಿಸುವುದು ಕೇಳಿದಷ್ಟು ಸುಲಭ ಅಲ್ಲ. ಎರಡೂ ಕಡೆಯ ಆಕ್ಸಲ್ ಶಾಫ್ಟ್ ಎಳೆಯಬೇಕು, ಕ್ರೌನ್ ಅನ್ನುವ ದೊಡ್ಡ ಹಲ್ಲುಚಕ್ರದ ಜೊತೆ ಇಡೀ ಲಾಕರ್ ಹೊರಗೆ ತೆಗೆಯಬೇಕು, ಬೇರಿಂಗನ್ನು ಪುಲ್ಲರ್ ಹಾಕಿ ಕೀಳಬೇಕು. ನಾನು ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತಿದ್ದೆ. ಬೇರಿಂಗ್ ಕ್ಯಾಪ್ ಬಿಚ್ಚುವ ಮೊದಲು ಎಡಕ್ಕೆ ಒಂದು ಚುಕ್ಕೆ, ಬಲಕ್ಕೆ ಎರಡು ಚುಕ್ಕೆ ಪಂಚ್ ಹೊಡೆದರು. ಆ ಕ್ಯಾಪ್ ಅದಲು ಬದಲು ಆಗಬಾರದು. ಶಿಮ್‌ಗಳನ್ನು (ಸಂದಿ ಸರಿಮಾಡುವ ತೆಳು ಬಿಲ್ಲೆಗಳು) ಎಡದ್ದು ಬಲದ್ದು ಬೇರೆ ಬೇರೆ ಬಟ್ಟೆಯಲ್ಲಿ ಕಟ್ಟಿಟ್ಟರು. ವಾಪಸ್ ಜೋಡಿಸಿದ ಮೇಲೆ ಕ್ರೌನಿನ ಹಲ್ಲಿಗೆ ಬಣ್ಣ ಹಚ್ಚಿ ತಿರುಗಿಸಿ, ಅದನ್ನು ತಿರುಗಿಸುವ ಚಿಕ್ಕ ಗೇರ್ ಪಿನಿಯನ್ ಎಲ್ಲಿ ಕೂರುತ್ತಿದೆ ಅಂತ ನೋಡಿದರು, ಡಯಲ್ ಗೇಜ್ ಇಟ್ಟು ಹಲ್ಲುಗಳ ನಡುವಿನ ಆಟ ಅಳೆದರು. ಕಣ್ಣಳತೆಯಲ್ಲೇ ಮುಗಿಸುತ್ತಾರೆ ಅಂದುಕೊಂಡಿದ್ದ ನನಗೆ ಆ ಶೆಡ್ಡಿನಲ್ಲಿ ಡಯಲ್ ಗೇಜ್ ಕಂಡಿದ್ದೇ ಆಶ್ಚರ್ಯ. ಈ ಅಳತೆ ತಪ್ಪಿದರೆ ಹೌಸಿಂಗ್ ಊಳಿಡಲು ಶುರುವಾಗುತ್ತೆ, ಆಮೇಲೆ ಕ್ರೌನ್ ಪಿನಿಯನ್ನೇ ಹೋಗುತ್ತೆ.

ಓ ರಿಂಗ್ ವಿಷಯದಲ್ಲಿ ಅವರು ಹಟ ಹಿಡಿದರು. ಡಬ್ಬಿಯಲ್ಲಿ ಸಿಗುವ ಸಾಮಾನ್ಯ ರಬ್ಬರಿನದ್ದು ಹಾಕಲ್ಲ, ಗೇರ್ ಆಯಿಲ್‌ನಲ್ಲಿ ಊದಿಕೊಳ್ಳುತ್ತೆ ಅಂದರು. ಮೈಸೂರಿನಲ್ಲಿ ಸಿಗಲಿಲ್ಲ, ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಆ ಅಳತೆ ಇಲ್ಲ ಅಂದರು. ಕೊನೆಗೆ ಆ ಲಾಕರಿನ ಸೀಲ್ ಕಿಟ್ಟನ್ನೇ ಆನ್‌ಲೈನಲ್ಲಿ ತರಿಸಿದೆ. ಅಲ್ಲಿಯವರೆಗೆ ಜೀಪು ಶೆಡ್ಡಿನಲ್ಲೇ, ಟ್ರೈಲರುಗಳ ಮಧ್ಯೆ, ಹಿಂದಿನ ಚಕ್ರ ಇಲ್ಲದೆ.

ಈಗ ಬೈಗುಳದ ಭಾಗ. ಇಲ್ಲಿ ಟೈಮಿಗೆ ಬೆಲೆ ಇಲ್ಲ. ಕಿಟ್ ಬಂದ ಮೇಲೆ ನಾಳೆ ಅಂದರೆ ನಾಳೆ ಅಲ್ಲ, ನಾಡಿದ್ದೂ ಅಲ್ಲ. ಫೋನ್ ಎತ್ತುವುದಿಲ್ಲ, ಎತ್ತಿದರೆ ಹುಡುಗ ಎತ್ತಿ "ಅಣ್ಣ ಊಟಕ್ಕೋಗವ್ರೆ" ಅನ್ನುತ್ತಾನೆ, ಬೆಳಿಗ್ಗೆ ಹತ್ತಕ್ಕೂ ಅದೇ ಉತ್ತರ. ಬಿಲ್ ಇಲ್ಲ, ಒಂದು ಹಳೇ ಬೀಡಿ ಕಂಪನಿ ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದು ತೋರಿಸುತ್ತಾರೆ. ಕೂರುವ ಜಾಗ ಅಂದರೆ ನಾನು ಹೇಳಿದ ಆ ಸ್ಟೂಲು, ಅದಕ್ಕೂ ಮೂರೇ ಕಾಲು ಗಟ್ಟಿ. ಕಬ್ಬು ಅರೆಯುವ ಕಾಲದಲ್ಲಿ ಹೋದರೆ ನಿಮ್ಮ ಜೀಪಿನ ಕಡೆ ತಿರುಗಿಯೂ ನೋಡುವುದಿಲ್ಲ. ಲೋಡ್ ಹೊತ್ತು ನಿಂತ ಟ್ರ್ಯಾಕ್ಟರ್ ಬಂದರೆ ಅದೇ ಮೊದಲು. ನನಗೆ ಸಿಟ್ಟು ಬಂದಿದ್ದು ನಿಜ, ಆದರೆ ಒಣಗುತ್ತಿರುವ ಕಬ್ಬು ಮುಖ್ಯವೋ ನನ್ನ ಭಾನುವಾರದ ಮೋಜು ಮುಖ್ಯವೋ ಅಂತ ಕೇಳಿದರೆ ಏನು ಹೇಳಲಿ? ಆದರೂ ಒಂದು ಸ್ಟಾರ್ ಕಡಿಮೆ ಆಗಿರುವುದು ಇದಕ್ಕೇ. ತಡ ಆದರೆ ಆಗಲಿ, ತಡ ಆಗುತ್ತೆ ಅಂತ ಮೊದಲೇ ಹೇಳಬಹುದಲ್ವಾ.

ಕೂಲಿ ವಿಷಯದಲ್ಲಿ ದೂರು ಇಲ್ಲ. ಕೂಲಿ, ಆಯಿಲ್ಲು, ಎರಡು ಆಕ್ಸಲ್ ಸೀಲು, ಬ್ರೇಕ್ ಲೈನರ್ ಎಲ್ಲ ಸೇರಿಸಿದರೂ ಮೈಸೂರಿನ ಎಸ್ಟಿಮೇಟಿನ ಹತ್ತಿರಕ್ಕೂ ಹೋಗಲಿಲ್ಲ. ಕಿಟ್ಟಿನ ದುಡ್ಡು ಬೇರೆ, ಅದು ನಾನೇ ಕೊಟ್ಟಿದ್ದು. ಹಳೇ ಓ ರಿಂಗು, ಹಳೇ ಸೀಲು ಎಲ್ಲವನ್ನೂ ಒಂದು ಕವರಿನಲ್ಲಿ ಹಾಕಿ ಕೈಗೆ ಕೊಟ್ಟರು. ದೊಡ್ಡ ಕಡೆಗಳಲ್ಲಿ ಇದನ್ನು ಕೇಳಿ ಪಡೆಯಬೇಕು.

ಬ್ರೀದರಿಗೆ ಅವರು ಮಾಡಿದ ಕೆಲಸ ನನಗೆ ತುಂಬ ಹಿಡಿಸಿತು. ಹಳೇ ಗಿಡ್ಡ ಪೈಪ್ ತೆಗೆದು ಉದ್ದದ್ದು ಹಾಕಿ, ಚಾಸಿ ಪಕ್ಕದಲ್ಲೇ ತಂದು ಬಾನೆಟ್ ಒಳಗೆ ಎತ್ತರಕ್ಕೆ ಕಟ್ಟಿ, ತುದಿ ಕೆಳಮುಖ ಮಾಡಿ ಸಣ್ಣ ಫಿಲ್ಟರ್ ಸಿಕ್ಕಿಸಿದ್ದಾರೆ. ನೀರೂ ಹೋಗಲ್ಲ, ಹುಳುವೂ ಹೋಗಲ್ಲ. ಲಾಕಿನ ಗಾಳಿ ಪೈಪು ಸೈಲೆನ್ಸರಿಗೆ ಹತ್ತಿರ ಹೋಗುತ್ತಿತ್ತು, ಅದನ್ನೂ ದೂರ ಸರಿಸಿ ಕಟ್ಟಿದರು. ಬಿಸಿಗೆ ಆ ಪೈಪ್ ಮೆತ್ತಗಾಗಿ ಮುದುಡಿದರೆ ಮತ್ತೆ ಇದೇ ಗೋಳು.

ಮೆಂಟೇನೆನ್ಸ್ ಬಗ್ಗೆ ಅವರು ಹೇಳಿದ್ದರಲ್ಲಿ ಮುಖ್ಯವಾದದ್ದು ಇದು. ಲಾಕನ್ನು ಬಳಸದೆ ಇಡಬೇಡಿ. ವರ್ಷವಿಡೀ ಮುಟ್ಟದೆ ಮಳೆಗಾಲದಲ್ಲಿ ಒಮ್ಮೆ ಒತ್ತಿದರೆ ಯಾವ ಲಾಕೂ ಹಟ ಮಾಡುತ್ತೆ. ಬಟನ್ ಇಲ್ಲವೇ ಲಿವರ್ ಇರುವವರು ತಿಂಗಳಿಗೊಮ್ಮೆ ಮಣ್ಣಿನ ರಸ್ತೆಯಲ್ಲಿ, ನೇರ ಇರುವ ಕಡೆ, ನಿಧಾನದಲ್ಲಿ ಹಾಕಿ ತೆಗೆದು ಮಾಡಿ. ಚಕ್ರ ಜಾರಿ ಜೋರಾಗಿ ತಿರುಗುತ್ತಿರುವಾಗ ಹಾಕಬೇಡಿ, ಹಲ್ಲು ಮುರಿಯುತ್ತೆ. ಕೆಸರಿಗೆ ಇಳಿಯುವ ಮೊದಲೇ ಹಾಕಿ, ದಾಟಿದ ಮೇಲೆ ತೆಗೆಯಿರಿ. ನೀರಿಗೆ ಇಳಿದು ಬಂದ ಮೇಲೆ ಹೌಸಿಂಗಿನ ಫಿಲ್ಲರ್ ಪ್ಲಗ್ ಬಿಚ್ಚಿ ಬೆರಳು ಹಾಕಿ ಆಯಿಲ್ ಬಣ್ಣ ನೋಡಿ, ಬಿಳಿಚಿದ್ದರೆ ಆ ವಾರವೇ ಬದಲಾಯಿಸಿ. ಯಾವ ಆಯಿಲ್ ಅನ್ನುವುದಕ್ಕೆ ನಿಮ್ಮ ಗಾಡಿ, ಲಾಕರಿನ ಪುಸ್ತಕವೇ ಪ್ರಮಾಣ. ನನ್ನದಕ್ಕೆ ಜಿಎಲ್-5 ದರ್ಜೆಯ 80ಡಬ್ಲ್ಯೂ-90 ಹಾಕಿದ್ದಾರೆ. ಕೇಬಲ್ಲಿನಿಂದ ಎಳೆಯುವ ಲಾಕ್ ಇದ್ದರೆ ಹೌಸಿಂಗ್ ಬಿಚ್ಚುವ ಮೊದಲು ಕೇಬಲ್ಲನ್ನೇ ಕಳಚಿ, ಫೋರ್ಕಿನ ಲಿವರನ್ನು ಕೈಯಲ್ಲಿ ಆಡಿಸಿ ನೋಡಿ. ಅದು ಸಲೀಸಾಗಿ ಆಡಿದರೆ ತುಕ್ಕು ಇರುವುದು ಕೇಬಲ್ಲಿನಲ್ಲಿ. ಟ್ರ್ಯಾಕ್ಟರ್ ಪೆಡಲಿಗೂ ಇದೇ ಲೆಕ್ಕವಂತೆ, ಅರ್ಧಕ್ಕರ್ಧ ಕೇಸು ಹೊರಗಿನ ಶಾಫ್ಟಿಗೆ ಗ್ರೀಸ್ ಹೊಡೆದರೆ ಮುಗಿಯುತ್ತವೆ ಅಂದರು.

ರಿಪೇರಿ ಆದ ಮೇಲೆ ಮೇಲುಕೋಟೆ ಕಡೆಯ ಮಣ್ಣು ರಸ್ತೆಗಳಲ್ಲಿ, ಒಂದು ಒಳ್ಳೇ ಮಳೆ ಬಂದ ಮಾರನೇ ದಿನ ನಾಲೆ ಏರಿಯ ಜಾರುವ ಮಣ್ಣಿನಲ್ಲಿ ಓಡಿಸಿದ್ದೇನೆ. ಬಟನ್ ತೆಗೆದ ತಕ್ಷಣ ಬಾನೆಟ್ ಕೆಳಗೆ ಪುಸ್ ಅನ್ನುವುದು ಈಗ ಸೀಟಿಗೇ ಕೇಳಿಸುತ್ತೆ, ಹತ್ತು ಅಡಿ ಹೋಗುವುದರೊಳಗೆ ಸ್ಟೇರಿಂಗ್ ಹಗುರ ಆಗುತ್ತೆ. ಲಾಕ್ ಹಾಕಿಟ್ಟರೆ ಕಂಪ್ರೆಸರ್ ಒಮ್ಮೆ ತುಂಬಿ ಸುಮ್ಮನಾಗುತ್ತೆ. ಡ್ರಮ್ ಒಣಗಿದೆ.

ಹೊಸ ಗಾಡಿ, ವಾರಂಟಿ ಇದ್ದರೆ ಇಲ್ಲಿಗೆ ಹೋಗಬೇಡಿ, ಶೋರೂಮಿಗೇ ಹೋಗಿ. ಕರೆಂಟಿನ ಲಾಕ್, ಸೆನ್ಸರ್ ಗೋಜಲು ಇದ್ದರೂ ಬೇಡ, ಸ್ಕ್ಯಾನರ್ ಅವರ ಹತ್ತಿರ ಇಲ್ಲ, ಅದನ್ನು ಅವರೇ ಹೇಳಿ ವಾಪಸ್ ಕಳಿಸುತ್ತಾರೆ. ಹಳೇ ಜೀಪು, ಗಾಳಿ ಅಥವಾ ಕೇಬಲ್ ಲಾಕು, ಟ್ರ್ಯಾಕ್ಟರು ಆದರೆ ಕಣ್ಣುಮುಚ್ಚಿ ಹೋಗಿ. ಕಬ್ಬಿನ ಸೀಸನ್ ತಪ್ಪಿಸಿ, ಸೀಲ್ ಕಿಟ್ ಮೊದಲೇ ತರಿಸಿಟ್ಟುಕೊಂಡು, ಬೆಳಿಗ್ಗೆ ಎಂಟರೊಳಗೆ ಶೆಡ್ ಮುಂದೆ ನಿಲ್ಲಿಸಿ. ಊರಿನಿಂದ ಹೊರಟು ಬಸರಾಳು ರಸ್ತೆಗೆ ತಿರುಗಿದ ಮೇಲೆ ಎಡಗಡೆ ನೋಡುತ್ತ ಹೋಗಿ, ಆಕ್ಸಲ್ ರಾಶಿ ಕಾಣುತ್ತೆ. ಕೂರಲು ಮನೆಯಿಂದಲೇ ಒಂದು ಕುರ್ಚಿ ಒಯ್ದರೆ ಇನ್ನೂ ಒಳ್ಳೇದು.